ಬ್ಯಾಂಡೂ ಬಿಡಿಸಬೇಡಿ, ಕ್ವಾಯರೂ ಬಿಡಿಸಬೇಡಿ

ಎಸ್ಸೆಸ್ಸೆಲ್ಸಿ ವರ್ಷ ಮಗನನ್ನು ಶಾಲೆಯ ಬ್ಯಾಂಡ್ ಬಿಡಿಸುವುದಾ, ಕ್ವಾಯರ್ (ಹಾಡುವ ತಂಡ) ಬಿಡಿಸುವುದಾ ಎಂದು ಕೇಳಿದ್ದೀರಿ. ನಿಮ್ಮ ಮಗ ಈಗ ಒಂಬತ್ತನೇ ಕ್ಲಾಸ್, ಕ್ಲಾರಿನೆಟ್ ಎಂಬ ಊದುವ ವಾದ್ಯ ನುಡಿಸುತ್ತಾನೆ, ಹಾಡುತ್ತಾನೆ ಕೂಡ. ಓದುವಾಗ ನನ್ನ ಎದೆ ಧಸಕ್ಕೆಂದಿತು. ನನ್ನದೂ ಕ್ಲಾರಿನೆಟ್ಟೇ. ಇದೇ ಮಾತು ನಮ್ಮ ಮನೆಯಲ್ಲೂ ಆಗಿತ್ತು, 1997ರ ಮೇ ತಿಂಗಳಲ್ಲಿ.

ನಾನು ಓದಿದ್ದು ಮಂಗಳೂರಿನ ಒಂದು ಕಾನ್ವೆಂಟ್ ಶಾಲೆಯಲ್ಲಿ. ಆರನೇ ಕ್ಲಾಸಿನಲ್ಲಿ ಕ್ವಾಯರ್‌ಗೆ ಸೇರಿದೆ, ಏಳರಲ್ಲಿ ಬ್ಯಾಂಡ್‌ಗೆ. ನಮ್ಮ ಮನೆಯಲ್ಲಿ ಸಂಗೀತ ಅಂದರೆ ಅಜ್ಜಿಯ ಭಜನೆ, ಮಳೆ ಕಳೆದ ಮೇಲೆ ಗದ್ದೆಯಲ್ಲಿ ಯಕ್ಷಗಾನದ ಚೆಂಡೆ. ಕ್ಲಾರಿನೆಟ್ ಎಂಬ ಹೆಸರೇ ಕೇಳಿರಲಿಲ್ಲ. ನಮ್ಮ ಬ್ಯಾಂಡ್ ಮಾಸ್ಟರ್ ಮಿಲಿಟರಿ ಬ್ಯಾಂಡಿನಿಂದ ರಿಟೈರ್ ಆಗಿ ಬಂದವರು. ನನ್ನ ಬೆರಳುಗಳನ್ನು ಬಿಡಿಸಿ ನೋಡಿದರು. "ಉದ್ದ ಉಂಟು, ಇದನ್ನು ಹಿಡಿ" ಎಂದು ಒಂದು ಕಪ್ಪು ಪೆಟ್ಟಿಗೆ ಕೈಗೆ ಕೊಟ್ಟರು.

ಒಳಗೆ ನೀಲಿ ಮಕಮಲ್ಲು. ಅದರ ಮೇಲೆ ಐದು ತುಂಡು. ಒಂದಕ್ಕೊಂದು ಸೇರಿಸುವ ಕಡೆ ಕಾರ್ಕ್, ಅದಕ್ಕೆ ಸ್ವಲ್ಪ ಗ್ರೀಸ್ ಸವರಿ ಮೆಲ್ಲನೆ ತಿರುಗಿಸಬೇಕು. ರೀಡನ್ನು, ಅಂದರೆ ಬಾಯಿಗಿಡುವ ತುದಿಗೆ ಕಟ್ಟುವ ತೆಳು ಪಟ್ಟಿಯನ್ನು, ಮೊದಲು ನಾಲಿಗೆಯ ಮೇಲಿಟ್ಟು ಒದ್ದೆ ಮಾಡಬೇಕು. ಅದಕ್ಕೆ ಒಣ ಬಿದಿರಿನ ರುಚಿ. ನುಡಿಸಿ ಆದ ಮೇಲೆ ಒಳಗಿನ ನೀರನ್ನು ಅಪ್ಪನ ಹಳೇ ಲುಂಗಿಯ ತುಂಡಿನಿಂದ ಒರೆಸುತ್ತಿದ್ದೆ. ಜುಲೈಯಲ್ಲಿ ಎಷ್ಟು ಒರೆಸಿದರೂ ಪೆಟ್ಟಿಗೆ ತೆರೆದಾಗ ಬೂಸ್ಟು ಹಿಡಿದ ವಾಸನೆ. ಆ ವಾಸನೆ ಈಗಲೂ ನನಗೆ ಇಷ್ಟ.

ಕ್ಲಾರಿನೆಟ್ ಬೇಗ ಒಲಿಯುವುದಿಲ್ಲ, ನಿಮ್ಮ ಮಗ ಹೇಳಿರಬಹುದು. ಕೊಳಲಿನಲ್ಲಿ ಗಾಳಿ ಬಿಗಿ ಮಾಡಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ. ಇದರಲ್ಲಿ ಹಾಗಲ್ಲ. ಎಡಗೈ ಹೆಬ್ಬೆರಳಿನ ಹತ್ತಿರದ ಕೀ ಒತ್ತಿದರೆ ಮೇಲಿನ ಷಡ್ಜವನ್ನೂ ದಾಟಿ ಅದರಾಚೆಯ ಪಂಚಮಕ್ಕೆ ಹಾರುತ್ತದೆ. ನಡುವೆ ಒಂದು ಜಾಗ ಉಂಟು, ಅದಕ್ಕೆ ಬ್ರೇಕ್ ಎನ್ನುತ್ತಾರೆ. ಅಲ್ಲಿಯವರೆಗೆ ಹೆಚ್ಚುಕಡಿಮೆ ಎಲ್ಲ ಬೆರಳೂ ಮೇಲೆ, ಮುಂದಿನ ಸ್ವರಕ್ಕೆ ಎಲ್ಲವೂ ಒಟ್ಟಿಗೆ ಕೆಳಗೆ. ಒಂದು ಬೆರಳು ಕೂದಲೆಳೆಯಷ್ಟು ತಪ್ಪಿದರೂ ಕೀಚ್ ಎನ್ನುತ್ತದೆ. ಆ ಬ್ರೇಕ್ ದಾಟಲು ನನಗೆ ಇಡೀ ಎಂಟನೇ ಕ್ಲಾಸ್ ಬೇಕಾಯಿತು. ದಾಟಿದ ದಿನ ಮಾಸ್ಟರ್ ಏನೂ ಹೇಳಲಿಲ್ಲ. ಸೆಕೆಂಡ್ ಪಾರ್ಟ್, ಅಂದರೆ ಮುಖ್ಯ ರಾಗಕ್ಕೆ ಜೊತೆಯಾಗಿ ನುಡಿಸುವ ಎರಡನೇ ಸಾಲು, ಅದರ ಹಾಳೆ ತಂದು ನನ್ನ ಸ್ಟ್ಯಾಂಡಿನ ಮೇಲಿಟ್ಟರು.

ಒಂಬತ್ತನೇ ಕ್ಲಾಸಿನ ಆಗಸ್ಟ್ 15, ನೆಹರೂ ಮೈದಾನ. ಬೆಳಗ್ಗೆ ಆರೂವರೆಗೆ ಯೂನಿಫಾರ್ಮ್ ಹಾಕಿ ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಬಸ್ಸಿಳಿದಾಗ ಮಳೆ ಹನಿಯುತ್ತಿತ್ತು. ಪೆಟ್ಟಿಗೆ ನೆನೆಯಬಾರದೆಂದು ಕೊಡೆ ಅದಕ್ಕೆ ಹಿಡಿದೆ. ನಿಮಿಷಕ್ಕೆ 120 ಹೆಜ್ಜೆ. ಬಾಸ್ ಡ್ರಮ್ ಬಿದ್ದಲ್ಲಿ ಎಡಗಾಲು. ರಾಷ್ಟ್ರಗೀತೆ 52 ಸೆಕೆಂಡಿಗೆ ಸರಿಯಾಗಿ ಮುಗಿಯಬೇಕು, ಮಾಸ್ಟರ್ ಅದನ್ನು ಗಡಿಯಾರ ಹಿಡಿದೇ ಕಲಿಸಿದ್ದರು. ಎದುರು ಸಾವಿರಾರು ಜನ, ನಮ್ಮ ಸ್ವರದ ಜೊತೆ ಅವರೆಲ್ಲರ ದನಿ ಸೇರಿತು. ಅಷ್ಟು ಖುಷಿ ನನಗೆ ಆಮೇಲೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಇನ್ನು ನನ್ನ ತಪ್ಪು. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ.

ಹತ್ತನೇ ಕ್ಲಾಸ್ ಶುರುವಾಗುವ ಮೊದಲೇ ಅಮ್ಮ "ಒಂದು ವರ್ಷ ತಾನೇ ಮಗಾ, ಆಮೇಲೆ ಬೇಕಾದಷ್ಟು ಊದು" ಎಂದರು. ಒತ್ತಾಯ ಮಾಡಲಿಲ್ಲ. ಅಪ್ಪನೂ ಏನೂ ಹೇಳಲಿಲ್ಲ. ನಾನೇ ಒಪ್ಪಿದೆ. ಜೂನ್ ಎರಡನೇ ವಾರ ಮಾಸ್ಟರ್ ಇಲ್ಲದ ಹೊತ್ತು ನೋಡಿ ಪೆಟ್ಟಿಗೆಯನ್ನು ಬ್ಯಾಂಡ್ ರೂಮಿನಲ್ಲಿಟ್ಟು ಬಂದೆ. ಕ್ವಾಯರ್‌ಗೂ ಹೋಗಲಿಲ್ಲ. ಎದುರು ನಿಂತು ಹೇಳಲು ಧೈರ್ಯ ಇರಲಿಲ್ಲ. ತಪ್ಪು ಬ್ಯಾಂಡ್ ಬಿಟ್ಟದ್ದು ಮಾತ್ರ ಅಲ್ಲ, ಪೆಟ್ಟಿಗೆ ವಾಪಸ್ ಕೊಟ್ಟದ್ದು. ವಾರಕ್ಕೆ ಮೂರು ದಿನದ ಪ್ರಾಕ್ಟೀಸ್ ಆಗುವುದಿಲ್ಲ, ಒಂದೇ ದಿನ ಬರುತ್ತೇನೆ ಎಂದು ಕೇಳಬಹುದಿತ್ತು. ಪರೇಡಿಗೆ ಬರುವುದಿಲ್ಲ, ಮನೆಯಲ್ಲಿ ದಿನಕ್ಕೆ ಕಾಲು ಗಂಟೆ ಊದುತ್ತೇನೆ, ಪೆಟ್ಟಿಗೆ ನನ್ನ ಹತ್ತಿರ ಇರಲಿ ಎನ್ನಬಹುದಿತ್ತು. ಅವರು ಖಂಡಿತ ಒಪ್ಪುತ್ತಿದ್ದರು. ನಾನು ಕೇಳಲೇ ಇಲ್ಲ. ಪೂರ್ತಿ ಇರಬೇಕು, ಇಲ್ಲವೇ ಪೂರ್ತಿ ಬಿಡಬೇಕು ಎಂದುಕೊಂಡೆ. ನಡುವೆ ಒಂದು ದಾರಿ ಇದೆ ಎಂದು ಆ ವಯಸ್ಸಿಗೆ ಹೊಳೆಯಲಿಲ್ಲ, ಮನೆಯಲ್ಲೂ ಯಾರೂ ಹೇಳಲಿಲ್ಲ.

ಆ ವರ್ಷದ ಆಗಸ್ಟ್ 15 ಯಾವುದು ಗೊತ್ತಲ್ವಾ? ಸ್ವಾತಂತ್ರ್ಯಕ್ಕೆ 50 ತುಂಬಿದ ದಿನ. ನಾನು ಮೈದಾನದಲ್ಲಿ ಜನರ ನಡುವೆ ನಿಂತಿದ್ದೆ. ನಮ್ಮ ಶಾಲೆಯ ಬ್ಯಾಂಡ್ ಬಂತು. ಎಲ್ಲ ಚೆನ್ನಾಗಿತ್ತು, ಆದರೆ ಸೆಕೆಂಡ್ ಪಾರ್ಟ್ ಇರಲಿಲ್ಲ. ಪಕ್ಕದವರಿಗೆ ಯಾರಿಗೂ ಅದು ಗೊತ್ತಾಗಲಿಲ್ಲ. ನನ್ನ ಬೆರಳುಗಳು ಮಾತ್ರ ಕೊಡೆಯ ಕೋಲಿನ ಮೇಲೆ ಆ ಸ್ವರಗಳನ್ನು ಒತ್ತುತ್ತಲೇ ಇದ್ದವು. ಮುಗಿದ ಮೇಲೆ ಮಾಸ್ಟರ್ ಕಂಡರು. "ಹೇಳದೆ ಹೋದದ್ದು ಎಂತಕ್ಕೆ ಮಾರಾಯ್ತಿ? ಸೆಕೆಂಡಿಗೆ ನೀನೊಬ್ಬಳೇ ಇದ್ದದ್ದು" ಎಂದರು, ಅಷ್ಟೇ.

ಉಳಿಸಿದ ಸಮಯ ಏನಾಯಿತು ಎಂದು ಕೇಳಿ. ವಾರಕ್ಕೆ ಮೂರು ಗಂಟೆ. ವಾರದಲ್ಲಿ ಇರುವುದು 168 ಗಂಟೆ. ಆ ಮೂರು ಗಂಟೆ ನಾನು ಪುಸ್ತಕ ತೆರೆದಿಟ್ಟು ಕಿಟಕಿ ನೋಡುತ್ತಿದ್ದೆ. ಒಂಬತ್ತರಲ್ಲಿ ಊದಿ ಬಂದ ಸಂಜೆ ಲೆಕ್ಕ ಚುರುಕಾಗಿ ಬಿಡಿಸುತ್ತಿದ್ದೆ, ಹತ್ತರಲ್ಲಿ ಅದೂ ಹೋಯಿತು. 625ಕ್ಕೆ 541 ಬಂತು. ಕೆಟ್ಟದ್ದಲ್ಲ. ಆದರೆ ಬ್ಯಾಂಡ್ ಬಿಟ್ಟದ್ದರಿಂದ ಬಂದ ಅಂಕ ಒಂದೂ ಅದರಲ್ಲಿಲ್ಲ ಎಂದು ನನಗೆ ಗೊತ್ತು.

ಪರೀಕ್ಷೆ ಮುಗಿದ ವಾರವೇ ಶಾಲೆಗೆ ಓಡಿದೆ. ಮಾಸ್ಟರ್ ಪೆಟ್ಟಿಗೆ ಕೊಟ್ಟರು. ಕೆಳತುಟಿ ಹಲ್ಲಿನ ಮೇಲೆ ಮಡಚಿ ಊದಿದೆ. ಬಾಯಿಯ ಎರಡೂ ಮೂಲೆಯಿಂದ ಗಾಳಿ ಸೋರಿತು. ತುಟಿಯ ಸುತ್ತಲಿನ ಬಿಗಿ ದಿನಾ ಊದಿದರೆ ಮಾತ್ರ ಇರುತ್ತದೆ, ಬಿಟ್ಟರೆ ಹೋಗುತ್ತದೆ. ಬ್ರೇಕ್ ದಾಟಲಿಲ್ಲ. ಮೂರು ಸಲ ನೋಡಿದೆ, ಮೂರು ಸಲವೂ ಕೀಚ್. ಆ ಕ್ಲಾರಿನೆಟ್ ಆಗಲೇ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಹೆಸರಿಗೆ ಹೋಗಿತ್ತು. ಪಿಯುಸಿ ಕಾಲೇಜಿನಲ್ಲಿ ಬ್ಯಾಂಡ್ ಇರಲಿಲ್ಲ. ಸ್ವಂತದ್ದು ಕೊಳ್ಳುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಒಂದು ವರ್ಷ ಎಂದು ಬಿಟ್ಟದ್ದು ಮತ್ತೆ ಸಿಗಲೇ ಇಲ್ಲ.

ಹಾಗಾಗಿ ಯಾವುದನ್ನು ಬಿಡಿಸುವುದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡನ್ನೂ ಬೇರೆ ಬೇರೆ ಎಂದುಕೊಂಡಿದ್ದೀರಿ. ನನಗೆ ಉಸಿರು ಹಿಡಿಯುವುದು ಬ್ಯಾಂಡ್ ಕಲಿಸಿತು, ಕಿವಿ ಕೊಡುವುದು ಕ್ವಾಯರ್ ಕಲಿಸಿತು. ಆಲ್ಟೊ, ಅಂದರೆ ಕೆಳಗಿನ ಪಾರ್ಟ್ ಹಾಡುವವಳು ಪಕ್ಕದಲ್ಲೇ ಮೇಲಿನ ಪಾರ್ಟ್ ಸೊಪ್ರಾನೊ ಕೇಳುತ್ತಿದ್ದರೂ ತನ್ನ ಸ್ವರ ಬಿಡಬಾರದು. ಸೆಕೆಂಡ್ ಕ್ಲಾರಿನೆಟ್ಟಿನದ್ದೂ ಅದೇ ಕೆಲಸ. ನಮ್ಮ ಕದ್ರಿ ಗೋಪಾಲನಾಥ್ ಮೊದಲು ಕಲಿತದ್ದು ನಾಗಸ್ವರ, ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತವರು. ಈಗ ನಮ್ಮ ಕಡೆ ದೇವಸ್ಥಾನ, ಮದುವೆ, ಭೂತಕೋಲ ಎಲ್ಲ ಕಡೆ ಸ್ಯಾಕ್ಸೋಫೋನ್ ಕೇಳುತ್ತದೆ. ಅದೂ ಒಂದೇ ರೀಡಿನ ವಾದ್ಯ, ನಿಮ್ಮ ಮಗ ಹಿಡಿದದ್ದರ ಹಾಗೆಯೇ. ಬ್ಯಾಂಡನ್ನು ಬರೀ ಪರೇಡ್ ಎಂದು ನೋಡಬೇಡಿ.

ಕ್ವಾಯರ್ ಬಗ್ಗೆ ಒಂದೇ ಮಾತು. ಈ ವಯಸ್ಸಿನಲ್ಲಿ ಹುಡುಗರ ದನಿ ಒಡೆಯುತ್ತದೆ. ಮೇಲಿನ ಸ್ವರಕ್ಕೆ ಗಂಟಲು ಹಿಂಡಿ ಹಾಡುವುದು ಬೇಡ, ಕೆಳಗಿನ ಪಾರ್ಟಿಗೆ ಹಾಕಿ ಎಂದು ಟೀಚರ್ ಹತ್ತಿರ ನೀವೇ ಹೇಳಿ. ಬ್ಯಾಂಡ್ ಮಾಸ್ಟರನ್ನೂ ಈಗಲೇ ಕಾಣಿ, ಜೂನ್ ಬರುವವರೆಗೆ ಕಾಯಬೇಡಿ. ವಾರಕ್ಕೆ ಒಂದು ದಿನ ಪ್ರಾಕ್ಟೀಸ್, ಕ್ಲಾರಿನೆಟ್ ಮನೆಯಲ್ಲಿ, ದಿನಾ ಹದಿನೈದು ನಿಮಿಷ. ಪರೀಕ್ಷೆಯ ತಿಂಗಳಲ್ಲೂ ಆ ಹದಿನೈದು ನಿಮಿಷ ನಿಲ್ಲಬಾರದು. ಒಂದು ಬಾಕ್ಸ್ ರೀಡ್ ತೆಗೆದುಕೊಡಿ. ಎಷ್ಟು ಗಡಸು, ಎಷ್ಟನೇ ನಂಬರಿನದ್ದು ಬೇಕೆಂದು ಅಂಗಡಿಯವರನ್ನು ಕೇಳಬೇಡಿ, ಮಗನನ್ನೇ ಕೇಳಿ. ಅವನಿಗೆ ಗೊತ್ತಿರುತ್ತದೆ.