ಪ್ರೋಟೀನನ್ನು ಮಾರ್ಪಡಿಸುವ ಕಿಣ್ವಗಳು ಪರ್ಯಾಯ ಸ್ಪ್ಲೈಸಿಂಗನ್ನು ಹೇಗೆ ಬದಲಿಸುತ್ತವೆ?

ಜೀನಿನಿಂದ ನಕಲಾದ ಆರ್‌ಎನ್‌ಎಯ ತುಣುಕುಗಳನ್ನು ಬೇರೆ ಬೇರೆ ರೀತಿಯಲ್ಲಿ ಕತ್ತರಿಸಿ ಜೋಡಿಸುವುದೇ ಪರ್ಯಾಯ ಸ್ಪ್ಲೈಸಿಂಗ್. ಈ ಕಿಣ್ವಗಳು ಆರ್‌ಎನ್‌ಎಯನ್ನು ಕತ್ತರಿಸುವುದಿಲ್ಲ. ಯಾವ ಎಕ್ಸಾನ್ (ಜೋಡಣೆಯಲ್ಲಿ ಉಳಿಯಬಲ್ಲ ಆರ್‌ಎನ್‌ಎ ತುಣುಕು) ಉಳಿಯಬೇಕು, ಯಾವುದು ಬಿಟ್ಟುಹೋಗಬೇಕು ಎಂದು ತೀರ್ಮಾನಿಸುವ ಪ್ರೋಟೀನುಗಳ ಮೇಲೆ ರಾಸಾಯನಿಕ ಗುರುತು ಹಾಕುತ್ತವೆ, ಅಷ್ಟೆ.

ಅಂಥದ್ದೇ ಒಂದಾದ ಎಸ್‌ಆರ್‌ಎಸ್‌ಎಫ್1 ಪ್ರೋಟೀನನ್ನೇ ನೋಡಿ. ಅದರ ಬಾಲದಲ್ಲಿ ಆರ್ಜಿನಿನ್-ಸೆರಿನ್ ಎಂಬ ಅಮೈನೊ ಆಮ್ಲಗಳ ಜೋಡಿಗಳು ಸಾಲಾಗಿವೆ. ಸೈಟೋಪ್ಲಾಸಮ್ಮಿನಲ್ಲಿ ಎಸ್‌ಆರ್‌ಪಿಕೆ1 ಎಂಬ ಕೈನೇಸ್ ಅಲ್ಲಿನ ಸುಮಾರು 10–12 ಸೆರಿನ್‌ಗಳಿಗೆ ಫಾಸ್ಫೇಟ್ ಸೇರಿಸುತ್ತದೆ. ಆಮೇಲೇ ಪ್ರೋಟೀನು ಕೋಶಕೇಂದ್ರಕ್ಕೆ ಸಾಗುವುದು. ಒಳಗೆ ಸಿಎಲ್‌ಕೆ1 ಎಂಬ ಇನ್ನೊಂದು ಕೈನೇಸ್ ಇನ್ನಷ್ಟು ಫಾಸ್ಫೇಟ್ ಸೇರಿಸಿದಾಗ ಅದು ಸ್ಪೆಕಲ್ ಎಂಬ ದಾಸ್ತಾನಿನಿಂದ ಹೊರಬಂದು ಪೂರ್ವ ಎಂಆರ್‌ಎನ್‌ಎ (ಇನ್ನೂ ಕತ್ತರಿಸಿ ಜೋಡಿಸದ ಆರ್‌ಎನ್‌ಎ) ಮೇಲೆ ಕೂರುತ್ತದೆ. ಹಾಗೆಂದು ಫಾಸ್ಫೇಟ್ ಹೆಚ್ಚಿದಷ್ಟೂ ಒಳ್ಳೆಯದೆಂದಲ್ಲ: ಕತ್ತರಿಸಿ ಜೋಡಿಸುವ ಹಂತದಲ್ಲಿ ಪಿಪಿ1 ಎಂಬ ಫಾಸ್ಫಟೇಸ್ ಕಿಣ್ವ ಆ ಫಾಸ್ಫೇಟನ್ನು ತೆಗೆಯಲೇಬೇಕು. ಕಡಿಮೆಯಾದರೂ ಅತಿಯಾದರೂ ಸ್ಪ್ಲೈಸಿಂಗ್ ಕುಂಟುತ್ತದೆ.

ಮೀಥೈಲ್ ಗುಂಪಿನದು ಬೇರೆ ದಾರಿ. ಪಿಆರ್‌ಎಂಟಿ5 ಕಿಣ್ವ ಎಸ್‌ಎಂ ಪ್ರೋಟೀನುಗಳ ಆರ್ಜಿನಿನ್‌ಗೆ ಮೀಥೈಲ್ ಅಂಟಿಸಿ ಎಸ್‌ಎನ್‌ಆರ್‌ಎನ್‌ಪಿಯ (ಸ್ಪ್ಲೈಸಿಂಗ್ ನಡೆಸುವ ಆರ್‌ಎನ್‌ಎ-ಪ್ರೋಟೀನು ಘಟಕ) ಜೋಡಣೆಗೆ ನೆರವಾಗುತ್ತದೆ. ಅದನ್ನು ತಡೆದರೆ ಮೊದಲು ಎಡವುವುದು ಆರಂಭದ ಕತ್ತರಿಸುವ ಗುರುತು (5' ತುದಿ) ದುರ್ಬಲವಾಗಿರುವ ಇಂಟ್ರಾನ್‌ಗಳು, ಅಂದರೆ ಎಕ್ಸಾನ್‌ಗಳ ನಡುವಿನ ಕತ್ತರಿಸಿ ತೆಗೆಯುವ ತುಣುಕುಗಳು. ಉದಾಹರಣೆಗೆ, ಗಡ್ಡೆ ತಡೆಯುವ ಪಿ53 ಪ್ರೋಟೀನನ್ನು ಅದುಮಿಡುವ ಮಾನವ ಎಂಡಿಎಂ4ರ 6ನೇ ಎಕ್ಸಾನ್ ಬಿಟ್ಟುಹೋಗಿ, ಎಂಡಿಎಂ4 ಪ್ರೋಟೀನು ಇಳಿದು, ಪಿ53 ಎಚ್ಚರಗೊಳ್ಳುತ್ತದೆ.

ಎಕ್ಸಾನ್ ಉಳಿಯಿತೇ ಬಿಟ್ಟುಹೋಯಿತೇ ಎಂದು ಪರೀಕ್ಷಿಸುವುದಾದರೆ ಅದರ ಅಕ್ಕಪಕ್ಕದ ಎಕ್ಸಾನ್‌ಗಳಲ್ಲಿ ಪ್ರೈಮರ್ (ನಕಲು ಆರಂಭಿಸುವ ಚಿಕ್ಕ ಡಿಎನ್‌ಎ ತುಣುಕು) ಇಟ್ಟು ಆರ್‌ಟಿ-ಪಿಸಿಆರ್ (ಆರ್‌ಎನ್‌ಎಯನ್ನು ಡಿಎನ್‌ಎಯಾಗಿಸಿ ಹಲವು ಪಟ್ಟು ನಕಲಿಸುವ ವಿಧಾನ) ಮಾಡಿ. ಸೈಕಲ್ ಹೆಚ್ಚಾದರೆ ಚಿಕ್ಕ ತುಣುಕೇ ಮೇಲುಗೈ ಪಡೆದು ಅನುಪಾತ ಕೆಡುತ್ತದೆ. ಫಾಸ್ಫೇಟ್ ಗುರುತು ನೋಡುವಾಗ ಲೈಸೇಟಿಗೆ (ಕೋಶಗಳನ್ನು ಒಡೆದು ಪಡೆದ ದ್ರಾವಣ) ಸೋಡಿಯಂ ಫ್ಲೋರೈಡ್‌ನಂಥ ಫಾಸ್ಫಟೇಸ್ ತಡೆಗಳನ್ನು ಹಾಕದಿದ್ದರೆ ಫಾಸ್ಫೇಟ್ ಕಳಚಿಹೋಗುತ್ತದೆ. ಕೈನೇಸ್ ತಡೆಯುವ ಟಿಜಿ003 ರಾಸಾಯನಿಕ ಸಿಎಲ್‌ಕೆಯನ್ನಷ್ಟೇ ಅಲ್ಲ, ಡಿವೈಆರ್‌ಕೆ1ಎ ಎಂಬ ಬೇರೆ ಕೈನೇಸನ್ನೂ ತಡೆಯುತ್ತದೆ. ಆದ್ದರಿಂದ ಒಂದು ಜೀನನ್ನಷ್ಟೇ ಅಡಗಿಸುವ ಎಸ್‌ಐಆರ್‌ಎನ್‌ಎಯಿಂದಲೂ ಖಚಿತಪಡಿಸಿಕೊಳ್ಳಿ.