ಸೀಲಿಂಗ್ ಲೈಟಿನ ಸಂದಿಯಿಂದ ಹುಳ ಬೀಳುತ್ತಿದ್ದರೆ ಏನು ಮಾಡಬೇಕು?

ಕಿಟಕಿ, ಬಾಗಿಲು ಎಲ್ಲಾ ಮುಚ್ಚಿದ್ದರೂ ಸೀಲಿಂಗಿನ ಡೌನ್‌ಲೈಟುಗಳ (ತೂತು ಕೊರೆದು ಒಳಗೆ ಕೂರಿಸುವ ಲೈಟುಗಳ) ಹತ್ತಿರದಿಂದ ಹುಳ ಬೀಳುತ್ತಿವೆ, ಸ್ಪ್ರೇ ಹೊಡೆದರೂ ಎರಡು ದಿನಕ್ಕೆ ಮತ್ತೆ ಶುರುವಾಗುತ್ತೆ ಅಂತ ಕೇಳಿದ್ದೀರಿ. ನಮ್ಮ ಮಲಗುವ ಕೋಣೆಯಲ್ಲೂ ಇದೇ ಕಾಟ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಹೊದಿಕೆಯ ಮೇಲೆ, ಸರಿಯಾಗಿ ಲೈಟಿನ ಕೆಳಗೇ, ಎಳ್ಳು ಚೆಲ್ಲಿದ ಹಾಗೆ ಸತ್ತ ಹುಳ. ಮಗು ಮಲಗುವ ಜಾಗ ಅದು, ಹಾಗಾಗಿ ಬುಡದಿಂದ ಸರಿ ಮಾಡಲೇಬೇಕು ಅಂತ ಕೂತೆ.

ಮೊದಲು ಸ್ಪ್ರೇ ನಿಲ್ಲಿಸಿ. ಆ ಡಬ್ಬಿಗಳಲ್ಲಿ ಹೆಚ್ಚಿನವುಗಳ ಅನಿಲ ಬೆಂಕಿ ಹತ್ತುವಂಥದ್ದು. ಬಿಸಿ ಬಲ್ಬು, ವೈರು ಇರುವ ಸಂದಿಗೆ ಅದನ್ನು ಹೊಡೆಯುವುದು ಅಪಾಯ. ಮೇಲಿನ ಹುಳ ಪೂರ್ತಿ ಸಾಯುವುದೂ ಇಲ್ಲ.

ಫಾಲ್ಸ್ ಸೀಲಿಂಗಿನ ಮೇಲೆ ಖಾಲಿ ಜಾಗ ಇರುತ್ತದಲ್ವಾ, ಹುಳ ಮೊದಲು ಸೇರುವುದು ಅಲ್ಲಿಗೆ. ಸೂರಿನ ಸಂದಿ, ಪೈಪು ಹೋಗುವ ತೂತು, ಗಾಳಿಕಿಂಡಿ, ಎಲ್ಲಿಂದಾದರೂ ಬರುತ್ತವೆ. ಆ ಕತ್ತಲಲ್ಲಿ ಅವಕ್ಕೆ ಕಾಣುವ ಬೆಳಕು ಅಂದರೆ ನಿಮ್ಮ ಲೈಟಿನ ಅಂಚಿನಿಂದ ಸೋರುವ ಗೆರೆ ಮಾತ್ರ. ಅತ್ತಲೇ ಬಂದು ಕೆಳಗೆ ಬೀಳುತ್ತವೆ.

ಸಂದಿ ಎಲ್ಲಿದೆ ಅಂತ ಪತ್ತೆ ಮಾಡುವುದು ಸುಲಭ. ಲೈಟಿನ ರಿಂಗಿನ ಸುತ್ತ ಸೀಲಿಂಗನ್ನು ಹತ್ತಿರದಿಂದ ನೋಡಿ. ಒಂದು ಕಡೆ ಮಸುಕಾದ ಕಪ್ಪು ಗೆರೆ ಕಂಡರೆ ಅಲ್ಲಿ ಗಾಳಿ ಆಡುತ್ತಿದೆ ಅಂತ ಲೆಕ್ಕ. ಗಾಳಿಯ ಜೊತೆ ಬಂದ ಧೂಳು ಅಲ್ಲಿ ಹಿಡಿದಿರುತ್ತದೆ. ತೆಳು ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಅಂಚಿಗೆ ಹಿಡಿದರೂ ಗೊತ್ತಾಗುತ್ತೆ, ಅದು ಅಲುಗುತ್ತದೆ. ನಮ್ಮಲ್ಲಿ ನಾಲ್ಕು ಲೈಟುಗಳಲ್ಲಿ ಒಂದರ ಸುತ್ತ ಮಾತ್ರ ಆ ಗೆರೆ ಇತ್ತು. ಇಳಿಸಿ ನೋಡಿದಾಗ ಕಾರಣ ಸಿಕ್ಕಿತು. ಬೋರ್ಡು ಕೊರೆದವರು ತೂತನ್ನು ದೊಡ್ಡದು ಮಾಡಿದ್ದರು. ಒಂದು ಕಡೆ ರಿಂಗಿನ ಅಂಚು ಅದನ್ನು ಪೂರ್ತಿ ಮುಚ್ಚಿರಲಿಲ್ಲ, ಕಿರುಬೆರಳಿನ ಉಗುರು ತೂರುವಷ್ಟು ಜಾಗ ಉಳಿದಿತ್ತು.

ಇಳಿಸುವ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಮೇನ್ ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಆಮೇಲೆ ಟೆಸ್ಟರ್ ಹಿಡಿದು ನೋಡಿ. ಲೈಟು ಈಗಷ್ಟೇ ಆರಿದ್ದರೆ ತಣ್ಣಗಾಗಲಿ. ವೈರಿಗೆ ಕೈ ಹಾಕಲು ಧೈರ್ಯ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ, ಅವರಿಗೆ ಇದು ಸಣ್ಣ ಕೆಲಸ. ಡೌನ್‌ಲೈಟಿಗೆ ಎರಡು ಸ್ಪ್ರಿಂಗ್ ಕ್ಲಿಪ್ ಇರುತ್ತವೆ. ಬಿಟ್ಟರೆ ಪಟ್ ಅಂತ ಬೆರಳಿಗೆ ಬಡಿಯುತ್ತವೆ, ಹಿಡಿದೇ ಎಳೆಯಿರಿ.

ನಾನು ಹಾಕಿದ್ದು ತೆಳು ಫೋಮ್ ಟೇಪು. ರಿಂಗಿನ ಹಿಂಬದಿಯ ಅಂಚಿಗೆ, ಸೀಲಿಂಗಿಗೆ ಒತ್ತುವ ಕಡೆ, ಸುತ್ತ ಅಂಟಿಸಿ ಮತ್ತೆ ಮೇಲೆ ಒತ್ತಿದರೆ ಸಂದಿ ಮುಚ್ಚುತ್ತದೆ. ನಾಳೆ ಲೈಟು ಕೆಟ್ಟರೆ ಬಿಚ್ಚಲೂಬಹುದು. ದೊಡ್ಡ ತೂತಿದ್ದ ಕಡೆ ಮೊದಲು ಜಿಪ್ಸಮ್ ಪುಟ್ಟಿಯಿಂದ ಅಂಚು ಕಟ್ಟಿ, ಒಣಗಿದ ಮೇಲೆ ಟೇಪು ಹಾಕಿದೆ. ಸೀಲಿಂಗಿಗೆ ಹೊರಗಿನಿಂದ ಕೂರುವ ಗುಂಡು ಲೈಟಾದರೆ ತಳದ ಸುತ್ತ ಸಂದಿ ಮುಚ್ಚುವ ಸಿಲಿಕಾನ್ ಅಂಟು ಎಳೆಯಬಹುದು. ಆದರೆ ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡ, ಅದು ಒಣಗುವಾಗ ಬಿಡುವ ಆಮ್ಲ ಲೋಹವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದನ್ನೇ ಕೇಳಿ ತನ್ನಿ.

ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ. ಲೈಟಿನ ಹಿಂಭಾಗವನ್ನು ಬಟ್ಟೆ, ಹತ್ತಿ, ಉಬ್ಬುವ ಫೋಮ್‌ನಿಂದ ತುಂಬಬೇಡಿ. ಎಲ್‌ಇಡಿಯ ಬಿಸಿಯೂ ಹಿಂಬದಿಯಿಂದಲೇ ಹೋಗಬೇಕು. ಹಳೇ ಹ್ಯಾಲೊಜೆನ್ ಬಲ್ಬು ಆದರಂತೂ ಬೆಂಕಿಯೇ ಹತ್ತಬಹುದು. ನಿಮ್ಮಲ್ಲಿ ಇನ್ನೂ ಹ್ಯಾಲೊಜೆನ್ ಇದ್ದರೆ ಎಲ್‌ಇಡಿಗೆ ಬದಲಿಸಿಬಿಡಿ. ಎಲ್‌ಇಡಿಯಿಂದ ಅತಿನೇರಳೆ ಕಿರಣ ಬರುವುದು ತುಂಬಾ ಕಡಿಮೆ. ಅದರಲ್ಲೂ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕಿಗಿಂತ 2700 ಅಥವಾ 3000ದ ಹಳದಿ ಬೆಳಕಿಗೆ ಹುಳ ಕಡಿಮೆ ಬರುತ್ತವೆ.

ಒಳಗೆ ಮುಚ್ಚಿದ ಮೇಲೂ ಹೊರಗಿನ ದಾರಿ ಹುಡುಕಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಫ್ಯಾನಿನ ತೂತಿನಿಂದ ಇಳಿಯುತ್ತವೆ. ಹಗಲಲ್ಲಿ ಸೀಲಿಂಗಿನ ಮೇಲಕ್ಕೆ ತಲೆ ಹಾಕಲು ಜಾಗ ಇದ್ದರೆ ಟಾರ್ಚ್ ಆರಿಸಿ ನೋಡಿ. ಬೆಳಕು ಒಳಗೆ ಬರುವ ಕಡೆಯೆಲ್ಲಾ ಹುಳಕ್ಕೂ ದಾರಿ. ಪೈಪಿನ ಸುತ್ತಿನ ತೂತು ಮುಚ್ಚಿ. ಗಾಳಿಕಿಂಡಿಯನ್ನು ಮಾತ್ರ ಮುಚ್ಚಬೇಡಿ, ತೇವ ನಿಲ್ಲುತ್ತದೆ. ಅದಕ್ಕೆ 1 ಮಿಲಿಮೀಟರಿನಷ್ಟು ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಸಾಕು.

ಇದೆಲ್ಲಾ ಮಾಡುವ ಮೊದಲು ಬೀಳುತ್ತಿರುವ ಹುಳ ಯಾವುದು ಅಂತ ತಿಳಿಯಬೇಕು. ಮೇಲಿನಿಂದ ಗುಂಯ್ ಅನ್ನುವ ಸದ್ದು ಬಂದರೆ ಕಣಜವೋ ಜೇನೋ ಗೂಡು ಕಟ್ಟಿರಬಹುದು. ಆಗ ಸಂದಿ ಮುಚ್ಚಬೇಡಿ. ಹೊರಗಿನ ದಾರಿ ಮುಚ್ಚಿದರೆ ಅವು ಮನೆಯೊಳಗೆ ನುಗ್ಗುತ್ತವೆ, ಗೂಡು ತೆಗೆಸುವವರನ್ನು ಮೊದಲು ಕರೆಸಿ. ಇನ್ನು ಲೈಟಿನ ಕೆಳಗೆ ಹುಳಕ್ಕಿಂತ ಉದುರಿದ ರೆಕ್ಕೆಗಳೇ ಜಾಸ್ತಿ ಇದ್ದರೆ ರೆಕ್ಕೆ ಬಂದ ಗೆದ್ದಲಾಗಿರಬಹುದು. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟ ದಪ್ಪ. ರೆಕ್ಕೆಯ ಇರುವೆಗೆ ಮುಂದಿನ ರೆಕ್ಕೆ ಉದ್ದ, ಸೊಂಟ ಸಣ್ಣ. ಗೆದ್ದಲಾದರೆ ಲೈಟು ಬಿಟ್ಟು ಮನೆಯ ಮರದ ಕೆಲಸ ಎಲ್ಲಾ ನೋಡಿಸಿ.

ಇವತ್ತು ರಾತ್ರಿ ಬಿದ್ದ ಎರಡು ಹುಳಗಳನ್ನು ಪಾರದರ್ಶಕ ಟೇಪಿಗೆ ಅಂಟಿಸಿಟ್ಟುಕೊಳ್ಳಿ. ಬೆಳಕಿಗೆ ಹಿಡಿದರೆ ರೆಕ್ಕೆ, ಸೊಂಟ ಚೆನ್ನಾಗಿ ಕಾಣುತ್ತೆ. ಹೇಗಿವೆ ಅಂತ ಇಲ್ಲೇ ಬರೆಯಿರಿ, ಮುಂದೇನು ಮಾಡಬೇಕು ಅಂತ ನೋಡೋಣ.