ಇಬ್ರೂ ಒಂದೇ ಫೈಲ್ ತೆಗೆದ್ರೆ ಏನ್ಮಾಡೋದು?

ಗುರುತು ಸಿಗದ ಹಾಗೆ ವಿವರ ಬದಲಿಸಿದೀನಿ, ಹುಡುಗನ ಒಪ್ಪಿಗೆ ತಗೊಂಡೇ ಬರೀತಿರೋದು. ಇಂಜಿನಿಯರಿಂಗ್ ಕೊನೇ ವರ್ಷ, ವಯಸ್ಸು 21, ನಾಲ್ಕು ಜನರ ಪ್ರಾಜೆಕ್ಟ್ ಟೀಮಿಗೆ ಇವನೇ ಲೀಡರ್. ಮೂರು ವಾರದಿಂದ ನಿದ್ದೆ ಇಲ್ಲ, ಊಟ ಸೇರಲ್ಲ, ಅಮ್ಮ ಫೋನ್ ಮಾಡಿದ್ರೂ ಎತ್ತಲ್ಲ ಅಂತ ಅಕ್ಕನೇ ನನ್ನ ಹತ್ರ ಕೌನ್ಸೆಲಿಂಗಿಗೆ ಕರ್ಕೊಂಡು ಬಂದ್ಳು.

ಪ್ರಾಜೆಕ್ಟು ಏನಪ್ಪಾ ಅಂದ್ರೆ ನಾಲ್ಕಾರು ಜನ ಒಂದೇ ಕಡೆ ಫೈಲ್ ಇಟ್ಕೊಂಡು ಕೆಲಸ ಮಾಡೋ ಸಾಫ್ಟ್‌ವೇರ್. ಪ್ಲಾನ್ ತೋರ್ಸು ಅಂದೆ. 41 ಫೀಚರ್ ಬರ್ಕೊಂಡಿದ್ದ, ಚಾಟ್, ವಿಡಿಯೋ ಕಾಲ್, ಮೊಬೈಲ್ ಆಪ್, ಏನುಂಟು ಏನಿಲ್ಲ. ಈ ಕೆಲಸಕ್ಕೆ ಬರೋ ಮುಂಚೆ ನಾನೂ ಒಂಬತ್ತು ವರ್ಷ ಸಾಫ್ಟ್‌ವೇರಲ್ಲಿದ್ದವಳು, ಹಾಗಾಗಿ ಕೇಳ್ದೆ, ಇಬ್ರು ಒಂದೇ ಫೈಲನ್ನ ಒಟ್ಟಿಗೆ ತಿದ್ದಿದ್ರೆ ಯಾರದ್ದು ಉಳಿಯುತ್ತೆ? ಸುಮಾರು ಹೊತ್ತು ಸುಮ್ನಿದ್ದು ಫೋನ್ ತೆಗೆದು ಗ್ರೂಪ್ ತೋರ್ಸಿದ. ರಾತ್ರಿ 2:40ಕ್ಕೆ ಇವನು ಹಾಕಿದ ಮೆಸೇಜು, "ನಾನ್ ಬರ್ದಿದ್ ಪೇಜ್ ಯಾರೋ ಅಳ್ಸಿದ್ದು?" ಮೂರೂ ಜನ ನೋಡಿದಾರೆ, ಒಬ್ರೂ ಉತ್ರ ಕೊಟ್ಟಿಲ್ಲ. ತೋರಿಸ್ತಾ ತೋರಿಸ್ತಾ ಅವನ ಹೆಬ್ಬೆರಳು ನಡುಗ್ತಿತ್ತು.

ಮಾತಾಡಿಸ್ತಾ ಹೋದಾಗ ಗೊತ್ತಾಯ್ತು, ಆ 41ರಲ್ಲಿ ಇವನಿಗೆ ಬೇಕಿದ್ದದ್ದು ಐದೋ ಆರೋ ಅಷ್ಟೇ. ಯಾರು ಏನ್ ಹೇಳಿದ್ರೂ ಬೇಜಾರ್ ಮಾಡ್ಕೋತಾರೆ ಅಂತ ಹೂಂ ಅಂದಿದಾನೆ, ಹೂಂ ಅಂದಿದ್ದೆಲ್ಲಾ ಕೊನೆಗೆ ಇವನ ತಲೆ ಮೇಲೇ ಬಂದು ಕೂತಿದೆ. ಸೋಮಾರಿತನ ಅಲ್ಲ ಇದು, ಭಯ.

ನಾನು ಹೇಳಿದ್ದು ಇಷ್ಟು. ಒಂದು ವಾರ ಕೋಡ್ ಮುಟ್ಬೇಡ, ಗದಗಲ್ಲಿ ನಿಮ್ಮಕ್ಕ ಕೆಲಸ ಮಾಡೋ ಡಿಟಿಪಿ ಅಂಗಡಿಗೆ ಹೋಗಿ ಒಂದು ಲಗ್ನಪತ್ರಿಕೆ ಫೈಲು ಬೆಳಗ್ಗಿಂದ ಸಂಜೆವರೆಗೆ ಯಾರ್ಯಾರ ಕೈ ದಾಟುತ್ತೆ ಅಂತ ಕೂತು ನೋಡು. ಕೋಡಲ್ಲಿ ಯಾರು ಏನ್ ಬದಲಿಸಿದ್ರು ಅಂತ ಲೆಕ್ಕ ಇಡೋ ಗಿಟ್ ಅನ್ನೋ ಸಾಫ್ಟ್‌ವೇರ್ 2005ರಿಂದ ಇದೆ, ಸಾಲು ಸಾಲಾಗಿರೋ ಕೋಡನ್ನ ಅದು ಚೆನ್ನಾಗೇ ಬೆಸೆಯುತ್ತೆ, ಆದ್ರೆ ಡಿಸೈನ್ ಮಾಡಿದ ಪುಟನ ಹಂಗೆ ಬೆಸೆಯೋಕಾಗಲ್ಲ. ಅಲ್ಲಿ ಒಬ್ರು ತೆಗೆದಿದ್ರೆ ಇನ್ನೊಬ್ರಿಗೆ ಬೀಗ ಬೀಳ್ಬೇಕು, ತೆಗೆದವ್ರು ಊಟಕ್ಕೆ ಹೋಗಿ ಮರೆತ್ರೆ ಆ ಬೀಗ ಒಡೆಯೋ ಹಕ್ಕು ಯಾರಿಗೆ ಅನ್ನೋದನ್ನ ಮೊದ್ಲೇ ಬರೀರಿ. ಅಳಿಸಿದ್ದು 30 ದಿನ ಕಸದ ಬುಟ್ಟೀಲಿ ಇರ್ಲಿ. ಮತ್ತೆ ಕನ್ನಡದ ಫೈಲ್ ಹೆಸರು, ಇದನ್ನ ಯಾರೂ ಯೋಚನೆ ಮಾಡಲ್ಲ: ಕಂಪ್ಯೂಟರು ಅಕ್ಷರ ಉಳಿಸೋ ಯುಟಿಎಫ್-8 ಅನ್ನೋ ಪದ್ಧತೀಲಿ ನಮ್ಮ ಒಂದೊಂದು ಚಿಹ್ನೆಗೂ 3 ಬೈಟ್ ಜಾಗ ಬೇಕು, ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಲ್ಲಿ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ, ಅಂದ್ರೆ ಒತ್ತು ಗುಣಿತ ಎಲ್ಲಾ ಸೇರಿ 85 ಚಿಹ್ನೆಗೇ ಮುಗೀತು. 'ಕೊ' ಅನ್ನೋ ಅಕ್ಷರದ ಒತ್ವ, ಅಂದ್ರೆ 'ಒ' ಸ್ವರದ ಗುರುತು, ಎರಡು ತರ ಸೇವ್ ಆಗ್ಬಹುದು, ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಫೈಲು. ಇದನ್ನ ಹೇಳಿದಾಗ ಮೊದಲ ಸಲ ಅವನ ಮುಖ ಅರಳ್ತು, ನಂಗೂ ಜೀವ ಬಂದ ಹಾಗಾಯ್ತು.

ಇನ್ನು ಟೀಮಿನ ವಿಷ್ಯ. ರಾತ್ರಿ 10:30 ಆದ್ಮೇಲೆ ಗ್ರೂಪಲ್ಲಿ ಪ್ರಾಜೆಕ್ಟ್ ಮಾತು ಬೇಡ. ಹೊಸ ಫೀಚರ್ ಬಂದ್ರೆ "ನಾಳೆ ಹೇಳ್ತೀನಿ" ಅನ್ನು, ಅಷ್ಟು ಸಾಕು ಅಂದೆ. ಆ ಎರಡು ಪದ ನನ್ನೆದುರೇ ಐದಾರು ಸಲ ಹೇಳ್ಸಿದೆ, ಮೊದಲೆರಡು ಸಲ ದನಿಯೇ ಹೊರಡ್ಲಿಲ್ಲ. ಇನ್ನೂ ಎರಡು ವಾರ ನಿದ್ದೆ ಹತ್ತದಿದ್ರೆ ಡಾಕ್ಟರ್ ಹತ್ರ ಕಳಿಸ್ತೀನಿ ಅಂತಾನೂ ತಿಳಿಸ್ದೆ.

ಮೂರನೇ ಭೇಟಿಗೆ ಬಂದಾಗ ಪ್ಲಾನಲ್ಲಿ ಏಳೇ ಫೀಚರ್ ಇತ್ತು, ರಾತ್ರಿ ಐದು ಗಂಟೆ ನಿದ್ದೆ ಬರ್ತಿದೆ ಅಂದ. ಪೇಜ್ ಅಳಿಸಿದ್ದು ಯಾರು ಅಂತ ಗೊತ್ತಾಗಿದೆ, ಆ ಗೆಳೆಯನ ಜೊತೆ ಇನ್ನೂ ಮಾತಿಲ್ಲ. ಗುರುವಾರ ಇಬ್ರೂ ಒಟ್ಟಿಗೆ ಬರ್ತಿದಾರೆ.